ಆಸ್ಪತ್ರೆ ಗಂಟಿನ ಮೇಲೆ ಕೂತವಳು

ಮಾರ್ಚ್ 3, ಸೋಮವಾರ

ಸತ್ತೆ! ಇವತ್ತು ಅಮೋಘವಾಗಿ ಸತ್ತೆ!

ನಾಟಕ ಕಂಪನಿಯಲ್ಲಿದ್ದ ಮೂವತ್ತು ವರ್ಷಗಳಲ್ಲಿ ಕತ್ತಿಗೆ ಸಿಕ್ಕಿ ಸತ್ತಿದ್ದೇನೆ, ವಿಷ ಕುಡಿದು ಸತ್ತಿದ್ದೇನೆ, ಸಿಂಹಾಸನದಿಂದ ಉರುಳಿ ಮೂರು ಮೆಟ್ಟಿಲು ಕೆಳಗೆ ಬಂದು ಸತ್ತಿದ್ದೇನೆ. ಆದರೆ ಇಸ್ತ್ರಿ ರೋಲರಿನ ಬುಡದಲ್ಲಿ, ಕೈ ನಜ್ಜುಗುಜ್ಜಾದವನಂತೆ ಹೊರಳಾಡಿ ಸತ್ತದ್ದಕ್ಕೆ ಇವತ್ತು ಬಿದ್ದ ಚಪ್ಪಾಳೆ ಆ ಯಾವ ಸಾವಿಗೂ ಬಿದ್ದದ್ದಲ್ಲ. ಲಾಂಡ್ರಿಯ ತಗಡಿನ ಸೂರು ಹಾರಿಹೋಗದೆ ಉಳಿದದ್ದೇ ಹೆಚ್ಚು.

ನರ್ಸಮ್ಮನಿಗೆ ಮಾತ್ರ ಸಮಾಧಾನವಿಲ್ಲ. ಈಕೆ ನಿವೃತ್ತ ನರ್ಸು. ತಿಂಗಳಿಗೊಮ್ಮೆ ಬಂದು ನಮ್ಮ ನಲವತ್ತು ಕೆಲಸಗಾರರಿಗೆ ಪ್ರಥಮ ಚಿಕಿತ್ಸೆ ಕಲಿಸುತ್ತಾರೆ. ಗಾಯಾಳುವಿನ ಪಾತ್ರ ಆರು ವರ್ಷದಿಂದ ನನ್ನದೇ. ಕಂಪನಿ ಮುಚ್ಚಿ, ಕಿರೀಟ ಇಳಿಸಿ, ಇಲ್ಲಿ ಒಣಗಿದ ಬೆಡ್‌ಶೀಟು ಮಡಚುವ ಕೆಲಸಕ್ಕೆ ಸೇರಿದ ಮೇಲೆ ನನ್ನ ಗಂಟಲಿಗೆ ಉಳಿದಿರುವ ರಂಗ ಇದೊಂದೇ.

"ನಿಮ್ಮನ್ನ ಸಾಯಿ ಅಂದೋರ್ಯಾರು?" ಎಂದರು ನರ್ಸಮ್ಮ. "ಬದುಕಿಸೋದು ಕಲಿಸೋಕೆ ಬಂದ್ರೆ ತಿಂಗಳು ತಿಂಗಳೂ ಸತ್ತು ತೋರಿಸ್ತೀರಲ್ಲ!"

"ಅಮ್ಮಾ, ಸಾಯದಿದ್ರೆ ಜನಕ್ಕೆ ರುಚಿಸಲ್ಲ!"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವರಿಗೆಲ್ಲ ನಾನು 'ಮಹಾರಾಜ'. ಅಡ್ಡಹೆಸರಾದರೇನು, ರಾಜ ರಾಜನೇ.

ಇವತ್ತು ಮೂವರು ಗಾಯಾಳುಗಳಿರಬೇಕು, ಅವರಲ್ಲಿ ಒಬ್ಬ ಮೇಜಿನ ಕೆಳಗೆ ತುಟಿ ಪಿಟಕ್ಕೆನ್ನದೆ ಬಿದ್ದಿರಬೇಕು, ಆ ಪಾತ್ರವನ್ನು ನಾನು ಮಾಡಬೇಕು ಎಂದು ನರ್ಸಮ್ಮನ ಹಟ. "ಕೂಗೋನಿಗೆ ಉಸಿರಿದೆ ಅಂತ ಅರ್ಥ. ಮೊದಲು ಹೋಗ್ಬೇಕಾದ್ದು ಸುಮ್ನಿರೋರ ಹತ್ರ" ಎಂದರು. ನನಗೆ! ಕೊನೆಯ ಸಾಲಿನ ಕಿವುಡನಿಗೂ ಕೇಳುವಂತೆ ಪಿಸುಗುಟ್ಟಬಲ್ಲ ನನಗೆ ಸುಮ್ಮನಿರುವ ಪಾತ್ರ! ಎದೆಗೆ ಕೈಯಿಟ್ಟು ಕೇಳಿದೆ: "ಸುಮ್ನೆ ಬಿದ್ಕೊಳ್ಳೋಕೆ ನಟ ಯಾಕಮ್ಮಾ? ಒಂದು ಬಟ್ಟೆ ಗಂಟು ಸಾಕಲ್ಲ!"

ಕೊನೆಗೆ ಹಾಗೇ ಆಯಿತು. ಒಂದು ಗಂಟಿಗೆ ಮಾರ್ಕರಿನಲ್ಲಿ ಕಣ್ಣು, ಮೂಗು ಬರೆದು ಮೇಜಿನ ಕೆಳಗೆ ನೂಕಿದರು. ಮೆಟ್ಟಿಲ ಬಳಿ ಕಾಲು ಉಳುಕಿದವನಾಗಿ ಇನ್ನೊಬ್ಬ ಕೂತ. ನಾನು ಕೂಗಿದೆ. ನಲವತ್ತು ಜನವೂ ನನ್ನ ಕಡೆಗೇ ಓಡಿಬಂದರು. ಗಂಟಿನ ಹತ್ತಿರ ಒಬ್ಬನೂ ಹೋಗಲಿಲ್ಲ. ಓಡುವ ಭರದಲ್ಲಿ ಯಾರೋ ಅದಕ್ಕೆ ಕಾಲು ತಾಗಿಸಿಕೊಂಡೇ ಬಂದರು. ಇದಕ್ಕಿಂತ ದೊಡ್ಡ ಪ್ರಶಸ್ತಿ ಯಾವ ನಟನಿಗೆ ಬೇಕು?

ಸತ್ತಾದ ಮೇಲೆ ಎದ್ದು ಪಾಠ ಒಪ್ಪಿಸುವುದೂ ನನ್ನದೇ ವಾಡಿಕೆ. ಅಪಾಯ ಇನ್ನೂ ಇದೆಯೇ ನೋಡಿ, ರಕ್ತ ಬರುವ ಜಾಗಕ್ಕೆ ಬಟ್ಟೆ ಮಡಚಿ ಬಲವಾಗಿ ಒತ್ತಿ ಹಿಡಿಯಿರಿ, ಸುಟ್ಟ ಗಾಯಕ್ಕೆ ಇಪ್ಪತ್ತು ನಿಮಿಷ ತಣ್ಣೀರು ಬಿಡಿ, ಮುರಿದ ಕೈ ಅಲ್ಲಾಡದಂತೆ ಎದೆಗೆ ಕಟ್ಟಿ. ಗುಡುಗಿದಂತೆ ಹೇಳಿಕೊಂಡು ಹೋಗುತ್ತಿದ್ದೆ. ಗೋಡೆಗೊರಗಿ ನಿಂತಿದ್ದ ನನ್ನಾಕೆ ಎರಡು ಬೆರಳೆತ್ತಿದಳು.

ಅವಳು ಕಂಪನಿಯಲ್ಲಿ ಪ್ರಾಂಪ್ಟರ್ ಆಗಿದ್ದವಳು. ಪರದೆಯ ಮರೆಯಲ್ಲಿ ಪುಸ್ತಕ ಹಿಡಿದು, ನಟನಿಗೆ ಮಾತ್ರ ಕೇಳುವ ಸಣ್ಣ ದನಿಯಲ್ಲಿ ಮಾತು ಎತ್ತಿಕೊಡುತ್ತಿದ್ದಳು. ದನಿ ತಲುಪದಿದ್ದರೆ ಎರಡು ಬೆರಳು. 'ಒಂದು ಮಾತು ಬಿಟ್ಟಿರಿ' ಎಂದು ಅದರರ್ಥ. ಈಗ ಇದೇ ಲಾಂಡ್ರಿಯಲ್ಲಿ ಮೈಲಿಗೆ ಬಟ್ಟೆ ವಿಂಗಡಿಸುತ್ತಾಳೆ. ಕೆಲಸ ಬದಲಾಯಿತು, ಬೆರಳು ಬದಲಾಗಲಿಲ್ಲ.

ಮನೆಗೆ ಬರುವ ದಾರಿಯಲ್ಲಿ ಕೇಳಿದೆ: "ಏನು ಬಿಟ್ಟೆ ಅಂತ ನಿನ್ನ ಪ್ರಕಾರ?"

"ಇನ್ನೂ ಯಾರಿಗೆ ಪೆಟ್ಟಾಗಿದೆ ಸುತ್ತ ನೋಡಿ ಅನ್ನೋದು."

"ಅದು ಹೇಳಿದ್ರೆ ಜನರ ಕಣ್ಣು ನನ್ನ ಬಿಟ್ಟು ಆಚೆ ಹೋಗುತ್ತಲ್ಲೇ!"

"ಅದಕ್ಕೇರೀ ಇರೋದು ಆ ಮಾತು."

ಈ ಹೆಂಗಸಿಗೆ ರಂಗದ ಕಲೆ ಗೊತ್ತು, ರಂಗದ ಹಸಿವು ಗೊತ್ತಿಲ್ಲ.

ಮಾರ್ಚ್ 7, ಶುಕ್ರವಾರ

ಲಾಂಡ್ರಿಯಲ್ಲಿ ಇನ್ನೂ ಅದೇ ಮಾತು. ಬಾಯ್ಲರ್ ನೋಡಿಕೊಳ್ಳುವ ಸೀಟಿ ನನ್ನನ್ನು ಕಂಡ ಕೂಡಲೇ ಕೈ ಮುಗಿಯುತ್ತಾನೆ: "ಅಣ್ಣಾ, ಇವತ್ತು ಎಷ್ಟು ಗಂಟೆಗೆ ಸಾಯ್ತೀರಾ? ಊಟ ಮುಗಿಸ್ಕೊಂಡು ಬರ್ತೀನಿ." ಅವನ ದನಿ ಗೋಡೆ ಕೊರೆಯುವಂಥದ್ದು, ಅದಕ್ಕೇ ಆ ಹೆಸರು. ನನ್ನಾಕೆಯನ್ನು ಅತ್ತಿಗೆ ಎನ್ನುತ್ತಾನೆ. ಅವಳು ಚಹಾ ಬಸಿದುಕೊಟ್ಟರೆ ಮಾತ್ರ ಕುಡಿಯುತ್ತಾನೆ.

ಸಂಜೆ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಅವಳು ಅಂಗೈ ಉಜ್ಜಿಕೊಳ್ಳುತ್ತಿದ್ದಳು. ಇವತ್ತು ಆಸ್ಪತ್ರೆ ಗಂಟುಗಳು ಹೆಚ್ಚು ಬಂದಿದ್ದವಂತೆ. ಆಪರೇಷನ್ ಕೋಣೆಯ ಹಾಸುಗಳು, ಪಟ್ಟಿಗಳು, ಎಲ್ಲವೂ ರಕ್ತಮಯ.

"ಹೇಸಿಗೆ ಆಗಲ್ವೇನೇ?"

"ಮೊದಮೊದಲು ಆಗ್ತಿತ್ತು. ಈಗ ರಕ್ತ ಕಂಡ್ರೆ ತಣ್ಣೀರಲ್ಲಿ ನೆನೆಸ್ಬೇಕು ಅಂತಷ್ಟೇ ಹೊಳೆಯೋದು. ಯಾರದು, ಏನಾಯ್ತು ಅಂತ ಯಾರ ತಲೆಗೂ ಬರಲ್ಲ."

"ಆಹಾ! ಎಂಥ ಸಂಭಾಷಣೆ! ಇದನ್ನ ಜೋರಾಗಿ ಹೇಳಿದ್ರೆ ಒಂದು ಅಂಕವೇ ಆಗುತ್ತೆ."

"ಜೋರಾಗಿ ಹೇಳೋಕೆ ನೀವಿದ್ದೀರಲ್ಲ" ಎಂದು ಎದ್ದು ಒಲೆ ಹಚ್ಚಿದಳು.

ಮಾರ್ಚ್ 12, ಬುಧವಾರ. ಬೆಳಿಗ್ಗೆ, ಆಸ್ಪತ್ರೆಯ ಬೆಂಚು

ನಿನ್ನೆ ಬೆಳಿಗ್ಗೆ ಹತ್ತೂವರೆಗೆ ಹಬೆ ಕೊಳವೆ ಸಿಡಿಯಿತು.

ಬರೆಯುತ್ತೇನೆ. ಈ ಡೈರಿ ಕೆಲಸದ ಚೀಲದಲ್ಲೇ ಇತ್ತು. ಆದದ್ದನ್ನು ಆದಂತೆ ಬರೆಯುತ್ತೇನೆ.

ಮೊದಲು ಒಂದು ಸಿಡಿತ. ಆಮೇಲೆ ಸಾವಿರ ಪ್ರೇಕ್ಷಕರು ಒಟ್ಟಿಗೆ 'ಶ್' ಎಂದಂಥ ಸದ್ದು. ಕಣ್ಣು ಮಿಟುಕಿಸುವಷ್ಟರಲ್ಲಿ ಇಡೀ ಹಾಲ್ ಬೆಳ್ಳಗಾಯಿತು. ಕೊಳವೆಯ ಕಬ್ಬಿಣದ ಪಟ್ಟಿಯೊಂದು ಹಾರಿ ಎಲ್ಲೋ ಬಡಿದದ್ದು ಕೇಳಿಸಿತು. ಆಮೇಲೆ ಸೀಟಿಯ ಕೂಗು. ಅಬ್ಬಾ, ಆ ಕೂಗು! ನಾನು ಆರು ವರ್ಷ ಕೂಗಿದ್ದೆಲ್ಲ ಅದರ ಮುಂದೆ ತೊಟ್ಟಿಲ ಕೂಸಿನ ಅಳು.

ನಾನು ಹಾರಿದೆ. ಯಾರೋ ವಾಲ್ವ್ ತಿರುಗಿಸಿ ಹಬೆ ನಿಲ್ಲಿಸಿದರು. ಸೀಟಿ ನೆಲದ ಮೇಲೆ ಬಿದ್ದಿದ್ದ. ಮೊಣಕೈಯಿಂದ ಕೆಳಗೆ ಚರ್ಮ ಕೆಂಪಾಗಿ ಬೊಬ್ಬೆ ಎದ್ದಿತ್ತು, ಮಣಿಕಟ್ಟು ಸೊಟ್ಟಗಾಗಿತ್ತು. "ಯಾರೂ ಹೆದರಬೇಡಿ! ನಾನಿದ್ದೇನೆ!" ಎಂದೆ. ಜನ ಸುತ್ತ ವೃತ್ತ ಕಟ್ಟಿದರು. ನನ್ನ ಗಂಟಲು ತಾನಾಗಿ ತೆರೆದುಕೊಂಡಿತು. ಗಾಳಿ ಬಿಡಿ ಎಂದೆ, ಸ್ವಚ್ಛವಾದ ಬಟ್ಟೆ ತನ್ನಿ ಎಂದೆ. ಪ್ರತಿಯೊಂದನ್ನೂ ಯಾಕೆ ಮಾಡುತ್ತಿದ್ದೇನೆ ಎಂದು ಎಲ್ಲರಿಗೂ ತಿಳಿಯುವಂತೆ ವಿವರಿಸುತ್ತ ಮಾಡಿದೆ. ತರಬೇತಿಯ ದಿನ ಹೇಳುವಂತೆಯೇ, ಒಂದಕ್ಷರ ಕಡಿಮೆಯಿಲ್ಲ. ನಲವತ್ತು ಜನ ಉಸಿರು ಬಿಗಿಹಿಡಿದು ಕೇಳಿದರು.

ಸೀಟಿಯನ್ನು ಹಿಡಿಯುವುದೇ ಕಷ್ಟವಾಗಿತ್ತು. ಹಬೆ ನುಂಗಿ ಗಂಟಲು ಕಟ್ಟಿತ್ತೋ ಏನೋ, ಬಾಯಿಂದ ಮಾತು ಹೊರಡದೆ ಬರೀ ಕೂಗು. ತಲೆ ಎತ್ತುತ್ತಾನೆ, ಆ ಮುರಿದ ಕೈಯನ್ನೇ ಚಾಚಿ ಚಾಚಿ ಗಾಳಿಗೆ ಬಡಿಯುತ್ತಾನೆ. ಆಘಾತಕ್ಕೆ ಬುದ್ಧಿ ಕೆಟ್ಟಿದೆ ಎಂದುಕೊಂಡೆ. "ಸುಮ್ನಿರಪ್ಪಾ, ಅಲ್ಲಾಡಬಾರದು" ಎಂದು ಭುಜ ಒತ್ತಿ ಹಿಡಿದು, ಬಟ್ಟೆ ಸುತ್ತಿ, ಕೈ ಮಡಚಿ ಎದೆಗೆ ಬಿಗಿದು ಕಟ್ಟಿದೆ. ಆಮೇಲೂ ಕಣ್ಣು ಕೆಕ್ಕರಿಸಿ ನನ್ನ ಹಿಂದೆ ಏನನ್ನೋ ನೋಡುತ್ತಿದ್ದ.

ಕಟ್ಟು ಮುಗಿದಾಗ ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಅಭ್ಯಾಸಬಲ. ಎರಡೇ ಏಟು, ಅಲ್ಲಿಗೇ ನಿಂತಿತು.

ಆಂಬುಲೆನ್ಸ್ ಬಂತು. ಅದರಿಂದ ಇಳಿದಾತ ಬೋಳುತಲೆಯ ಗಿಡ್ಡ ಮನುಷ್ಯ. "ಬೇರೆ ಯಾರಿಗಾದ್ರೂ?" ಎಂದ. "ಒಬ್ಬನೇ! ಬೇರೆ ಯಾರಿಗೂ ಏನೂ ಆಗಿಲ್ಲ!" ಎಂದು ಸೂರು ನಡುಗುವಂತೆ ಹೇಳಿದೆ. ಅವನು ತಲೆಯಾಡಿಸಿ, ನನ್ನ ಮಾತು ಕಿವಿಗೇ ಬೀಳದವನಂತೆ, ಹಾಲ್ ಉದ್ದಕ್ಕೂ ನಡೆದುಕೊಂಡು ಹೋದ. ಮೇಜಿನ ಕೆಳಗೆ ಬಗ್ಗಿದ. ಗಾಡಿಗಳ ಹಿಂದೆ ಇಣುಕಿದ. ವಿಂಗಡಣೆಯ ಮೂಲೆ ತಲುಪಿ ನಿಂತು, ಮೆಲ್ಲಗೆ ಕೇಳಿದ: "ಇವರು ಯಾರು?"

ನನ್ನಾಕೆ ಆಸ್ಪತ್ರೆ ಗಂಟಿನ ಮೇಲೆ ಕೂತಿದ್ದಳು. ಬೆನ್ನು ಗೋಡೆಗೆ. ಎಡಮೊಣಕಾಲಿನ ಹಿಂದೆ ಮಡಚಿದ ಬಟ್ಟೆ, ಅದರ ಮೇಲೆ ಎರಡೂ ಕೈ. ಗಂಟು ಅರ್ಧ ಕೆಂಪಾಗಿತ್ತು. ಆ ಗಂಟುಗಳು ಯಾವತ್ತೂ ಕೆಂಪೇ.

ಅವಳ ತುಟಿ ಕಾಗದದಂತಿತ್ತು.

ನಾನು ಅವಳನ್ನು ನೋಡಿರಲಿಲ್ಲ. ಹಬೆ ತುಂಬಿತ್ತು. ನೋಡಲು ಸಾಧ್ಯವೇ ಇರಲಿಲ್ಲ. ಯಾರಿಗೂ ಕಾಣುತ್ತಿರಲಿಲ್ಲ.

ಮಾರ್ಚ್ 13, ಗುರುವಾರ

ಹಾರಿಬಂದ ಪಟ್ಟಿ ಮೊಣಕಾಲಿನ ಹಿಂದಿನ ರಕ್ತನಾಳ ಕತ್ತರಿಸಿತ್ತು. ಜೋಡಿಸಿದ್ದು ನಿಲ್ಲಲಿಲ್ಲ. ಪಾದಕ್ಕೆ ರಕ್ತ ಇಳಿಯುತ್ತಿಲ್ಲ. ಮೈಯಲ್ಲಿ ಇನ್ನಷ್ಟು ರಕ್ತ ಉಳಿದಿದ್ದರೆ ಬೇರೆ ಮಾತಾಗಿತ್ತು, ಈಗ ಕಾಲೋ ಜೀವವೋ ಎಂದರು ಡಾಕ್ಟರು. ನಮಗೊಬ್ಬ ಮಗಳಿದ್ದಿದ್ದರೆ ಅವಳ ವಯಸ್ಸಿನವರಿದ್ದಾರು.

ಕಾಗದದಲ್ಲಿ 'ಮೊಣಕಾಲಿನ ಕೆಳಗೆ' ಎಂದು ಬರೆದಿತ್ತು. ಎಲ್ಲಿ ಸಹಿ ಹಾಕಬೇಕೆಂದು ಬೆರಳಿಟ್ಟು ತೋರಿಸಿದರು.

ಹಾಕಿದೆ.

ಪೆಟ್ಟಾದ ಹೊತ್ತಿನಿಂದ ಆಂಬುಲೆನ್ಸಿನಾತ ಕಂಡುಹಿಡಿಯುವವರೆಗೆ ಹನ್ನೊಂದು ನಿಮಿಷ ಅಂತೆ.

ಮಾರ್ಚ್ 14, ಶುಕ್ರವಾರ

ಅವಳಿಗೆ ಎಚ್ಚರವಿಲ್ಲ. ಗಾಜಿನಾಚೆಯಿಂದ ನೋಡಲು ಬಿಡುತ್ತಾರೆ. ಬಾಯಿಗೆ ಕೊಳವೆ ಹಾಕಿದ್ದಾರೆ.

ಈ ಆಸ್ಪತ್ರೆಯಲ್ಲಿ ಎಲ್ಲರಿಗೂ ಕಿವಿ ಮಂದ. ಔಷಧದ ಕಿಟಕಿಯಲ್ಲಿ ಕೂತವನಿಗೆ ಅವಳ ಹಾಸಿಗೆ ಸಂಖ್ಯೆ ಮೂರು ಸಲ ಹೇಳಬೇಕಾಯಿತು. "ಏನ್ ಯಜಮಾನ್ರೇ, ಬಾಯಲ್ಲೇ ನುಂಗ್ತೀರಲ್ಲ" ಎಂದ. ಲಿಫ್ಟಿನವನೂ ಅಷ್ಟೇ, ಕಿವಿಗೆ ಅಂಗೈ ಹಚ್ಚಿ ಬಗ್ಗಿದ.

ಮಧ್ಯಾಹ್ನ ಮ್ಯಾನೇಜರ್ ಫೋನ್ ಮಾಡಿದರು. ನೋಟಿಸ್ ಬೋರ್ಡಿಗೆ ಹಾಕುವ ಬರಹವನ್ನು ಓದಿ ಹೇಳಿದರು. ನಮ್ಮ ಹಿರಿಯ ಕೆಲಸಗಾರರು ಅಪ್ರತಿಮ ಸಮಯಪ್ರಜ್ಞೆಯಿಂದ ಬಾಯ್ಲರ್ ಆಪರೇಟರ್‌ಗೆ ಪ್ರಥಮ ಚಿಕಿತ್ಸೆ ನೀಡಿದ್ದಾರೆ, ತಮ್ಮ ಪತ್ನಿಯೇ ಗಾಯಗೊಂಡಿದ್ದರೂ ಕರ್ತವ್ಯ ಮರೆಯಲಿಲ್ಲ.

"ಚೆನ್ನಾಗಿದೆಯಾ? ಏನಾದ್ರೂ ಸೇರಿಸ್ಬೇಕಾ? ಹಲೋ? ಧ್ವನಿ ಬರ್ತಿಲ್ಲ ಕಣ್ರೀ. ಹಲೋ?"

ನಾನು ಮಾತಾಡುತ್ತಲೇ ಇದ್ದೆ.

ಮಾರ್ಚ್ 16, ಭಾನುವಾರ

ಎಚ್ಚರವಾದಳು.

ಕೊಳವೆ ತೆಗೆದು ವಾರ್ಡಿಗೆ ತಂದಿದ್ದಾರೆ. ದನಿ ಒರಟಾಗಿದೆ, ಅವಳ ದನಿಯೇ ಅಲ್ಲವೆಂಬಂತೆ. ಮೊದಲು ಕೇಳಿದ್ದು, "ಸೀಟಿ ಹೇಗಿದ್ದಾನೆ?" ಎಂದು. ಚೆನ್ನಾಗಿದ್ದಾನೆ ಎಂದೆ. "ಗ್ಯಾಸ್ ಆಫ್ ಮಾಡಿದ್ರಾ ಮನೇಲಿ?" ಎಂದಳು. ಮಾಡಿದ್ದೇನೆ ಎಂದೆ. ನಾನು ಮನೆಗೇ ಹೋಗಿಲ್ಲ.

ಕಾಲಿನ ವಿಷಯ ನೀವೇ ಹೇಳಿ, ನಿಮ್ಮ ಬಾಯಿಂದ ಬಂದರೆ ಒಳ್ಳೆಯದು ಎಂದಿದ್ದರು ಡಾಕ್ಟರು. ಸ್ಟೂಲ್ ಎಳೆದು ಕೂತೆ. ಹೇಗೆ ಶುರು ಮಾಡಬೇಕೆಂದು ಕಾರಿಡಾರಿನಲ್ಲಿ ಹತ್ತು ಸಲ ಕಟ್ಟಿಕೊಂಡಿದ್ದೆ. ಒಂದೂ ನೆನಪಾಗಲಿಲ್ಲ.

ಅಷ್ಟರಲ್ಲಿ ಅವಳೇ ಎಂದಳು: "ರೀ, ಎಡಪಾದ ಒಂದೇ ಸಮ ತುರಿಸ್ತಿದೆ. ಸ್ವಲ್ಪ ಕೆರೀರಿ."

ನಾನು ಎದ್ದು ಹಾಸಿಗೆಯ ಕೊನೆಗೆ ಹೋದೆ. ಹೊದಿಕೆಯೊಳಗೆ ಕೈ ಹಾಕಿದೆ. ಹಾಸಿಗೆಯ ಮೇಲೆ, ಪಾದ ಇರಬೇಕಾದ ಜಾಗದಲ್ಲಿ, ಬಟ್ಟೆಯನ್ನು ಉಗುರಿನಿಂದ ಕೆರೆದೆ. ಕೆರೆಯುವ ಸದ್ದು ಕೇಳುತ್ತಿತ್ತು. ಯಾಕೆ ಹಾಗೆ ಮಾಡಿದೆನೋ ಗೊತ್ತಿಲ್ಲ. ಇನ್ನೇನು ಮಾಡಬೇಕಿತ್ತೋ ಗೊತ್ತಿಲ್ಲ.

"ಇನ್ನೂ ಸ್ವಲ್ಪ ಕೆಳಗೆ" ಎಂದಳು.

ಕೆಳಗೆ ಕೆರೆದೆ.

ನನ್ನ ಮುಖ ನೋಡಿದಳು. "ಇಲ್ಲ ಅಲ್ವಾ?" ಎಂದಳು.

ನಾನು ತಲೆಯಾಡಿಸಿದೆ.

"ಎಲ್ಲಿವರೆಗೆ?"

ನನ್ನ ಕಾಲಿನ ಮೇಲೆ ಅಂಗೈ ಅಡ್ಡ ಇಟ್ಟು ತೋರಿಸಿದೆ. ಅವಳು ಗೋಡೆಯ ಕಡೆ ತಿರುಗಿದಳು. ಪಕ್ಕದ ಹಾಸಿಗೆಯ ಮುದುಕಿ ರೇಡಿಯೋ ಸಣ್ಣಗೆ ಮಾಡಿದಳು.

ಮಾರ್ಚ್ 18, ಮಂಗಳವಾರ

ಸೀಟಿ ಮೇಲಿನ ಮಹಡಿಯ ಸುಟ್ಟಗಾಯದ ವಾರ್ಡಿನಲ್ಲಿದ್ದಾನೆ. ಇಷ್ಟು ದಿನ ಹೋಗಿರಲಿಲ್ಲ. ಇವತ್ತು ಅವಳೇ ಕಳಿಸಿದಳು, ಬನ್ ಕೊಟ್ಟು ಬನ್ನಿ ಎಂದು.

ಗಂಟಲು ಸರಿಯಾಗಿದೆ. ಆದರೆ ಕೂಗು ಇಲ್ಲ, ಮಾಮೂಲಿಯಂತೆ ಮಾತಾಡುತ್ತಾನೆ. ಕೈ ತುಂಬ ಪಟ್ಟಿ.

"ಮೊದಲನೇ ದಿನ ಇಲ್ಲಿನ ಡಾಕ್ಟ್ರು ಬೈದ್ರು ಅಣ್ಣ" ಎಂದ. "ಒಣ ಬಟ್ಟೆ ಸುತ್ತಿದೋನ್ಯಾರು, ಲಾಂಡ್ರೀಲಿ ನೀರಿಗೆ ಬರವಾ ಅಂದ್ರು. ನಲ್ಲಿ ನನ್ನ ತಲೆ ಮೇಲೇ ಇತ್ತು. ಇಪ್ಪತ್ತು ನಿಮಿಷ ತಣ್ಣೀರು ಬಿಟ್ಟಿದ್ರೆ ಇಷ್ಟು ಆಳಕ್ಕೆ ಹೋಗ್ತಿರ್ಲಿಲ್ವಂತೆ. ಬಟ್ಟೆ ಬಿಡಿಸುವಾಗ ಚರ್ಮನೂ ಅದರ ಜೊತೆ ಬಂತು."

ಬನ್ ಮೇಜಿನ ಮೇಲಿಟ್ಟೆ. ತಪ್ಪಾಯಿತು ಎಂದೆ.

"ಏನಂದ್ರಿ?"

"ತಪ್ಪಾಯ್ತು ಕಣೋ."

"ಅದು ಬಿಡಿ. ಕೈ ಹೇಗೋ ಸರಿಯಾಗುತ್ತೆ." ಅವನು ಕಿಟಕಿಯ ಕಡೆ ನೋಡಿದ. "ನಾನು ಬಿದ್ದಿದ್ನಲ್ಲ ಅಣ್ಣ, ನೆಲದ ಮೇಲೆ ಹಬೆ ಇರ್ಲಿಲ್ಲ. ಮೇಲಿತ್ತು. ಕೆಳಗೆ ಎಲ್ಲಾ ನಿಚ್ಚಳವಾಗಿ ಕಾಣ್ತಿತ್ತು. ಅತ್ತಿಗೆ ಕಾಲಿಂದ ರಕ್ತ ಚಿಮ್ಮಿದ್ದು, ಅವರು ಕುಸಿದು ಕೂತಿದ್ದು, ಎಲ್ಲಾ ಕಂಡೆ."

"ಕಂಡ್ಯಾ?" ಎಂದೆ.

"ನಾನು ಕೂಗಿದ್ದು ನನ್ನ ನೋವಿಗಲ್ಲ. ಗಂಟಲಲ್ಲಿ ಮಾತು ಬರ್ಲಿಲ್ಲ, ಅದಕ್ಕೇ ಕೈ ಮಾಡಿ ಮಾಡಿ ತೋರಿಸ್ತಿದ್ದೆ. ನೀವು ಆ ಕೈನೇ ಹಿಡಿದು ಎದೆಗೆ ಕಟ್ಟಿಬಿಟ್ರಿ."

ವಾರ್ಡಿನಲ್ಲಿ ಯಾರೋ ಬಕೆಟ್ ಎಳೆದುಕೊಂಡು ಹೋದರು.

"ಎಷ್ಟು ಬಿಗಿಯಾಗಿ ಕಟ್ಟಿದ್ರಿ ಅಂತೀರಾ" ಎಂದ ಸೀಟಿ. ಬೈಯಲಿಲ್ಲ. ಬೈದಿದ್ದರೆ ಕೂತಿರುತ್ತಿದ್ದೆ. ಎದ್ದು ಬಂದೆ. ಮೆಟ್ಟಿಲು ಇಳಿಯುವಾಗ ಯಾವ ಮಹಡಿ ಎಂದು ಮರೆತು ತಳದವರೆಗೂ ಹೋಗಿಬಿಟ್ಟಿದ್ದೆ.

ಮಾರ್ಚ್ 19, ಬುಧವಾರ

ಹನ್ನೆರಡನೇ ತಾರೀಖಿನ ಪುಟದಲ್ಲಿ ಬರೆದದ್ದು ಸುಳ್ಳು.

ನೋಡಿದ್ದೆ.

ಸೀಟಿಯ ಕೈಗೆ ಬಟ್ಟೆ ಸುತ್ತುತ್ತಿದ್ದಾಗ ತಲೆಯೆತ್ತಿದೆ. ಹಬೆ ಆಗಲೇ ತೆಳುವಾಗುತ್ತಿತ್ತು. ಇಬ್ಬರ ಭುಜಗಳ ನಡುವೆ ವಿಂಗಡಣೆಯ ಮೂಲೆ ಕಂಡಿತು. ಅವಳು ಗಂಟಿನ ಮೇಲೆ ಕೂತಿದ್ದಳು. ನನ್ನನ್ನೇ ನೋಡುತ್ತಿದ್ದಳು. ಎರಡು ಬೆರಳೆತ್ತಿದಳು.

ನನಗೆ ಬಂದದ್ದು ಸಿಟ್ಟು. ಎಲ್ಲರೂ ಬಾಯಿಬಿಟ್ಟು ಕೇಳುತ್ತಿರುವಾಗ, ಇಷ್ಟು ದೊಡ್ಡ ಹೊತ್ತಿನಲ್ಲಿಯೂ, ಇವಳಿಗೆ ನಾನು ಬಿಟ್ಟ ಮಾತಿನದೇ ಚಿಂತೆ. ಹೀಗೆ ಅಂದುಕೊಂಡದ್ದು ಅಕ್ಷರ ಅಕ್ಷರ ನೆನಪಿದೆ. ಯಾವ ಮಾತು ಬಿಟ್ಟಿದ್ದೇನೆಂದೂ ನನಗೆ ಗೊತ್ತಿತ್ತು. ಅದನ್ನು ಹೇಳಿದ್ದರೆ ನಲವತ್ತು ತಲೆಗಳು ಆ ಕಡೆ ತಿರುಗುತ್ತಿದ್ದವು.

ಮುಖ ತಿರುಗಿಸಿ, ಮುಂದುವರಿಸಿದೆ.

ಮಾರ್ಚ್ 20, ಗುರುವಾರ

ಅವಳಿಗೆ ಹೇಳಿಲ್ಲ. ಚಹಾ ಕುಡಿಸಿದೆ. ತಲೆ ಬಾಚಿದೆ. ಹೇಳಿಲ್ಲ.

ಮಾರ್ಚ್ 22, ಶನಿವಾರ

ಹೇಳಿಲ್ಲ.

ಮಾರ್ಚ್ 25, ಮಂಗಳವಾರ

ನರ್ಸಮ್ಮ ಬಂದಿದ್ದರು. ಕೈಯಲ್ಲಿ ಒಂದು ಫಾರಂ. ಅವಘಡದ ಹೊತ್ತು ಏನೇನಾಯಿತು, ಯಾರು ಏನು ಮಾಡಿದರು, ನಿಮಿಷ ನಿಮಿಷದ ವರದಿ ಬರೆದುಕೊಳ್ಳಬೇಕಂತೆ. ತರಬೇತಿಯಲ್ಲಿ ಏನು ತಪ್ಪಿದೆ ಎಂದು ಅವರಿಗೆ ತಿಳಿಯಬೇಕು. ಬೇರೆ ಲಾಂಡ್ರಿಗಳಲ್ಲೂ ಅವರೇ ಕಲಿಸುವುದು.

"ಹೊರಗೆ ಕೂತು ಮಾತಾಡೋಣ್ವಾ?" ಎಂದು ನನ್ನನ್ನು ಕೇಳಿದರು.

"ಇಲ್ಲೇ ಮಾತಾಡಿ" ಎಂದಳು ನನ್ನಾಕೆ. ದಿಂಬಿಗೊರಗಿ ಕೂತಿದ್ದಳು. ಇವತ್ತೇ ಮೊದಲ ಸಲ ಅಷ್ಟು ಹೊತ್ತು ಕೂತದ್ದು.

ನರ್ಸಮ್ಮ ಸ್ಟೂಲಿನ ಮೇಲೆ ಕೂತು ಪೆನ್ನು ತೆಗೆದರು. ನಾನು ಹೇಳಿದೆ. ಕೊಳವೆ ಸಿಡಿಯಿತು. ನಾನು ಸೀಟಿಯ ಹತ್ತಿರ ಓಡಿದೆ. ಸುತ್ತ ನೋಡಲಿಲ್ಲ. ನೀರು ಹಾಕಲಿಲ್ಲ. ಜನರಿಗೆ ವಿವರಿಸುತ್ತ ಕೂತೆ. ಅವನು ಕೈ ತೋರಿಸುತ್ತಿದ್ದ, ಕಟ್ಟಿದೆ.

"ಸ್ವಲ್ಪ ಜೋರಾಗಿ ಹೇಳಿ" ಎಂದರು ನರ್ಸಮ್ಮ.

"ಇವಳನ್ನ ನೋಡಿದೆ."

ಪೆನ್ನು ನಿಂತಿತು. "ಯಾವಾಗ?"

"ಬಟ್ಟೆ ಸುತ್ತುವಾಗ. ಇವಳು ಸನ್ನೆ ಮಾಡಿದ್ಲು. ನಾನು ಮುಖ ತಿರುಗಿಸಿದೆ."

ಪಕ್ಕದ ಹಾಸಿಗೆಯ ಮುದುಕಿ, ಬಾಗಿಲ ಬಳಿಯಿದ್ದ ಆಯಾ, ಎಲ್ಲರಿಗೂ ಕೇಳಿಸಿತು ಅನ್ನಿಸುತ್ತದೆ. ನಾನು ಅವಳ ಕಡೆ ನೋಡಲಿಲ್ಲ. ಹೊದಿಕೆ ಚಪ್ಪಟೆಯಾಗಿದ್ದ ಕಡೆಯೇ ನೋಡುತ್ತಿದ್ದೆ.

"ನಂಗೊತ್ತು" ಎಂದಳು ಅವಳು. "ಕಣ್ಣಿಗೆ ಕಣ್ಣು ಸೇರಿತ್ತಲ್ಲ."

ಹದಿನಾಲ್ಕು ದಿನ ನಾನು ಬಚ್ಚಿಟ್ಟದ್ದು ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು. ಚಹಾ ಕುಡಿಸುವಾಗ ಗೊತ್ತಿತ್ತು. ತಲೆ ಬಾಚುವಾಗ ಗೊತ್ತಿತ್ತು.

"ನಂದೂ ಒಂದಿದೆ, ಬರ್ಕೊಳ್ಳಿ ನರ್ಸಮ್ಮ" ಎಂದಳು. "ನನ್ನ ಕೈಗೆಟುಕೋ ಕಡೆ ಬಟ್ಟೆ ರಾಶಿ ಇತ್ತು. ಒತ್ತಿ ಹಿಡೀಬೇಕು ಅಂತ ನಂಗೆ ಗೊತ್ತು. ಆರು ವರ್ಷದಿಂದ ಇವರು ಹೇಳೋದು ಕೇಳಿ ಕೇಳಿ ಬಾಯಿಪಾಠ. ಆದ್ರೂ ಒತ್ತಲಿಲ್ಲ."

"ಯಾಕೆ?" ನರ್ಸಮ್ಮನ ದನಿ ಸಣ್ಣಗಾಗಿತ್ತು.

"ಇವರು ನೋಡಿದ್ರಲ್ಲ. ಬರ್ತಾರೆ ಅಂತ ಕಾದೆ."

ಮಂಚದ ಕಂಬಿ ತಣ್ಣಗಿತ್ತು, ಅದನ್ನು ಹಿಡಿದಿದ್ದೆ.

"ಎಷ್ಟು ಹೊತ್ತು ಕಾದ್ರಿ?"

"ಇವರ ಮಾತು ಮುಗಿಯೋವರೆಗೆ. ಕೊನೆಗೆ ಯಾರೋ ಚಪ್ಪಾಳೆ ತಟ್ಟಿದ್ರು ನೋಡಿ, ಆಗ ಗೊತ್ತಾಯ್ತು ಬರಲ್ಲ ಅಂತ. ಆಮೇಲೆ ನಾನೇ ಒತ್ತಿ ಹಿಡ್ಕೊಂಡೆ."

ನರ್ಸಮ್ಮ 'ನಿಮಿಷ' ಎಂದು ಬರೆದಿದ್ದ ಕಾಲಮಿನ ಮೇಲೆ ಪೆನ್ನು ಇಟ್ಟರು. ಕಣ್ಣು ಒರೆಸಿಕೊಂಡರು. "ಇದನ್ನ ಏನಂತ ಬರೀಲಿ ತಾಯಿ?"

"ಹೇಳಿದ ಹಾಗೇ ಬರೀರಿ. ಕಾದಿದ್ದು ತಪ್ಪು ಅಂತ ಬರೀರಿ. ಬೇರೆ ಕಡೆ ಕಲಿಸುವಾಗ ಇದೂ ಕಲಿಸಿ. ಕೈಗೆ ಸಿಕ್ಕಿದ್ದು ತಗೊಂಡು ತಾವೇ ಒತ್ಕೋಬೇಕು. ಯಾರನ್ನೂ ಕಾಯಬಾರದು. ಗಂಡ ಎದುರಿಗೇ ಇದ್ರೂ."

ನರ್ಸಮ್ಮ ಬರೆದುಕೊಂಡರು. ಕೆಳಗೆ ಇಬ್ಬರ ಸಹಿಯೂ ಬೇಕೆಂದರು. ಅವಳು ಫಾರಂ ತನ್ನ ತೊಡೆಯ ಮೇಲಿಟ್ಟುಕೊಂಡು ಮೊದಲು ಹಾಕಿದಳು. ಆಮೇಲೆ ಪೆನ್ನನ್ನು ನನ್ನ ಕಡೆ ಚಾಚಿದಳು.